ಈಟನ್ ಮನೆತನದ ಅಂಗಡಿ

‘ವ್ಯಾಪಾರಂ ದ್ರೋಹಚಿಂತನಂ’ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಜವಳಿ ವ್ಯಾಪಾರಿಯ ಮಗನಾದ ನನಗೆ ಅದು ಚಿಕ್ಕಂದಿನಿಂದಲೂ ಚುಚ್ಚುತ್ತ ಬಂದಿದೆ. ನಮ್ಮ ಅಂಗಡಿಯ ಬಿಲ್ಲಿನ ಅಡಿಯಲ್ಲೂ ‘ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳಲಾಗುವುದಿಲ್ಲ’ ಎಂಬ ಸಾಲು ಉಂಟು. ಪದವಿ ಮುಗಿದ ಮೇಲೆ ತಂದೆಯವರ ಗಲ್ಲಾಪೆಟ್ಟಿಗೆಯ ಮುಂದೆ ಕೂರಬೇಕೆ, ಬೇಡವೆ ಎಂದು ಯೋಚಿಸುತ್ತಿದ್ದಾಗ ಕೆನಡಾ ದೇಶದ ಒಂದು ಅಂಗಡಿಯ ಚರಿತ್ರೆಯನ್ನು ಓದಿದೆನು. ಅದರ ಸಾರವನ್ನು ಸಹಪಾಠಿಗಳ ಮುಂದಿಡುತ್ತೇನೆ.

ತಿಮೊಥಿ ಈಟನ್ ಐರ್ಲೆಂಡಿನವನು. ಹುಡುಗನಾಗಿದ್ದಾಗ ಅಂಗಡಿಯೊಂದರಲ್ಲಿ ಕೆಲಸ ಕಲಿತು, ಬಳಿಕ ಕೆನಡಾಕ್ಕೆ ವಲಸೆ ಹೋಗಿ, 1869ರಲ್ಲಿ ಟೊರಾಂಟೋ ನಗರದ ಯಂಗ್ ಬೀದಿಯಲ್ಲಿ ಜವಳಿ ಅಂಗಡಿ ತೆರೆದನು. ಆಗ ಅಲ್ಲಿಯೂ ಚೌಕಾಸಿ ಮತ್ತು ಉದ್ದರಿಯದೇ ರೂಢಿ. ಈಟನ್ ಎರಡನ್ನೂ ಕೈಬಿಟ್ಟನು. ಎಲ್ಲರಿಗೂ ಒಂದೇ ಬೆಲೆ, ಅದೂ ನಗದು. ಜೊತೆಗೆ, ಮಾಲು ಒಪ್ಪಿಗೆಯಾಗದಿದ್ದರೆ ಹಣ ವಾಪಸು ಎಂದು ಮಾತು ಕೊಟ್ಟನು.

ಇದರಲ್ಲಿ ಧರ್ಮವಷ್ಟೇ ಅಲ್ಲ, ಜಾಣತನವೂ ಇದೆ. ಚೌಕಾಸಿಗೆ ಯಜಮಾನನೇ ಎದುರಿಗಿರಬೇಕು. ಬೆಲೆಚೀಟಿ ಇದ್ದರೆ ನಿನ್ನೆ ಸೇರಿದ ಹುಡುಗನೂ ಮಾರಬಲ್ಲನು. ಹತ್ತಾರು ವಿಭಾಗಗಳೂ ಸಾವಿರಾರು ನೌಕರರೂ ಇರುವ ಅಂಗಡಿ ಸಾಧ್ಯವಾಗುವುದು ಹೀಗೆ. 1884ರಲ್ಲಿ ಅವನು ಮಾಲುಗಳ ಪಟ್ಟಿಯನ್ನು ಅಚ್ಚು ಹಾಕಿಸಿದನು. ಅಂಗಡಿಯನ್ನು ಕಣ್ಣಾರೆ ಕಾಣದ ದೂರದ ರೈತರೂ ಆ ಪಟ್ಟಿಯನ್ನು ನೋಡಿ ಅಂಚೆಯಲ್ಲಿ ಹಣ ಕಳುಹಿಸಿದರು. ಮಾತಿನ ಮೇಲಿನ ನಂಬಿಕೆಯಿಲ್ಲದೆ ಇದು ನಡೆಯುವುದುಂಟೆ? 1905ರಲ್ಲಿ ವಿನಿಪೆಗ್ ನಗರದಲ್ಲೂ ಅಂಗಡಿ ಎದ್ದಿತು. 1907ರಲ್ಲಿ ತಿಮೊಥಿ ತೀರಿಕೊಂಡನು. 1919ರ ಸುವರ್ಣ ಮಹೋತ್ಸವದಲ್ಲಿ ನೌಕರರು ಅವನ ಕಂಚಿನ ಪ್ರತಿಮೆಯನ್ನು ಅರ್ಪಿಸಿದರು.

ಆದರೆ ಗಿರಾಕಿಗೆ ತೋರಿದ ಔದಾರ್ಯ ಕೆಲಸಗಾರನಿಗೆ ಸದಾ ದೊರೆಯಲಿಲ್ಲವೆಂಬುದನ್ನು ಮರೆಯಲಾಗದು. 1912ರಲ್ಲಿ ಸಾವಿರದಷ್ಟು ಹೊಲಿಗೆ ಕೆಲಸಗಾರರು ಮುಷ್ಕರ ಹೂಡಿದರು, ಗೆದ್ದದ್ದು ಅಂಗಡಿಯೇ.

ಅಧಿಕಾರ ಮಗನಿಗೆ, ಬಳಿಕ ಬಂಧುವಿಗೆ, ಮೊಮ್ಮಗನಿಗೆ ಸಂದಿತು. 1969ರಲ್ಲಿ ಮೊಮ್ಮಗನು ನಿವೃತ್ತನಾದ ಮೇಲೆ ಹೊರಗಿನ ವ್ಯವಸ್ಥಾಪಕರೂ ನಡೆಸಿದರು. ನಷ್ಟದಿಂದಾಗಿ 1976ರಲ್ಲಿ ಅಂಚೆಯ ಪಟ್ಟಿ ನಿಂತಿತು. 1988ರಲ್ಲಿ ಮರಿಮಗನೊಬ್ಬನು ಚುಕ್ಕಾಣಿ ಹಿಡಿದನು. 1994ರಲ್ಲಿ ವಾಲ್‌ಮಾರ್ಟ್ ಕೆನಡಾಕ್ಕೆ ಬಂದಿತು. 1997ರಲ್ಲಿ ಈಟನ್ನರು ಸಾಲಗಾರರಿಂದ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋದರು. 1999ರಲ್ಲಿ ಸಂಸ್ಥೆ ದಿವಾಳಿಯಾಯಿತು. 130 ವರ್ಷಗಳ ಬಾಳು ಮುಗಿಯಿತು. ಯಜಮಾನ ಎದುರಿಗಿಲ್ಲದಾಗಲೂ ನಡೆಯುವಂತೆ ಅಜ್ಜ ಕಟ್ಟಿದ್ದನು; ಯಜಮಾನನ ಕಣ್ಣೇ ಬೇಡವೆಂದು ಅದರ ಅರ್ಥವಲ್ಲ ಎಂಬುದು ನನ್ನ ಅಭಿಪ್ರಾಯ.

ಇದನ್ನೆಲ್ಲ ತಂದೆಯವರಿಗೆ ಓದಿ ಹೇಳಿ, ನಮ್ಮ ಬಿಲ್ಲಿನ ಆ ಸಾಲನ್ನು ತೆಗೆದುಹಾಕೋಣವೆಂದೆ. ಅವರು ನಕ್ಕು, “ತೆಗೆಯೋಣ. ಆಮೇಲೆ ವಾಪಸು ಬಂದ ಸೀರೆಯನ್ನು ಮುಖ ಸಿಂಡರಿಸದೆ ತೆಗೆದುಕೊಳ್ಳುವವರು ಯಾರಪ್ಪ, ನಾನೋ ನೀನೋ?” ಎಂದು ಕೇಳಿದರು. ಪರೀಕ್ಷೆ ಮುಗಿಯುವವರೆಗೆ ಅವಕಾಶ ಬೇಡಿದ್ದೇನೆ.