ಮೋನು ಕಾಲು ಊರುತ್ತಿಲ್ಲ: ಈ ರಾತ್ರಿಯೇ ಹೋಗಬೇಕಾ, ಬೆಳಗ್ಗೆವರೆಗೆ ಕಾಯಬಹುದಾ?

ಒಂದೂವರೆ ವರ್ಷದ ಮಗು. ರಾತ್ರಿ ಮಲಗುವವರೆಗೂ ಮನೆ ತುಂಬಾ ಓಡಾಡಿಕೊಂಡಿತ್ತು. ಬೆಳಗ್ಗೆ ಎಬ್ಬಿಸಿ ನಿಲ್ಲಿಸಿದರೆ ಒಂದು ಕಾಲು ಎತ್ತಿಕೊಂಡು ಅಳುತ್ತದೆ. ವಿಜಯನಗರ, ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿ ಕಡೆ ನೆಲೆಸಿರುವ ನಮ್ಮ ಮನೆಗಳಲ್ಲಿ ಆಮೇಲೆ ನಡೆಯುವುದು ಹೆಚ್ಚುಕಡಿಮೆ ಒಂದೇ. ಮೊದಲು ಊರಿಗೆ ಫೋನ್. ಆ ಕಡೆಯಿಂದ ಉಮ್ಮ ಕೇಳುತ್ತಾರೆ, "ನಿನ್ನೆ ಎಲ್ಲಿಯಾದರೂ ಬಿದ್ದಿತ್ತಾ?" ಬಿದ್ದಿತ್ತು. ಆ ವಯಸ್ಸಿನ ಮಗು ಬೀಳದ ದಿನ ಯಾವುದಿದೆ? "ಹಾಗಾದರೆ ಉಳುಕಿರಬೇಕು. ಸ್ವಲ್ಪ ಎಣ್ಣೆ ಬಿಸಿ ಮಾಡಿ ಉಜ್ಜಿ, ಸಂಜೆಗೆ ಸರಿಯಾಗ್ತದೆ."

ಎಷ್ಟೋ ಸಲ ಸಂಜೆಗೆ ಸರಿಯಾಗಿಯೂ ಬಿಡುತ್ತದೆ. ಅದಕ್ಕೇ ಆ ಮಾತಿನ ಮೇಲೆ ನಮಗೆ ಅಷ್ಟು ನಂಬಿಕೆ. ಆದರೆ ಚಿಕ್ಕ ಮಕ್ಕಳ ಕಾಲಿನ ವಿಷಯದಲ್ಲಿ ದಾರಿ ತಪ್ಪಿಸುವುದೂ ಇದೇ ಬೀಳುವ ಕತೆ. ಬಿದ್ದದ್ದಕ್ಕೂ ಕುಂಟುವುದಕ್ಕೂ ಸಂಬಂಧವೇ ಇರಬೇಕೆಂದಿಲ್ಲ. ಇನ್ನೊಂದು ವಿಷಯ, ದೊಡ್ಡವರಿಗೆ ಆಗುವಂಥ ಉಳುಕು ಇಷ್ಟು ಚಿಕ್ಕ ಮಕ್ಕಳಲ್ಲಿ ಅಪರೂಪ. ಅವರ ಕೀಲಿನ ಕಟ್ಟುಗಳಿಗಿಂತ ಬೆಳೆಯುತ್ತಿರುವ ಎಲುಬಿನ ತುದಿಯೇ ಮೆತ್ತಗೆ. ಆದ್ದರಿಂದ "ಬಿದ್ದಿತ್ತಾ?" ಅನ್ನುವ ಪ್ರಶ್ನೆಗಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡಿವೆ. ಮಗು ಆ ಕಾಲಿನ ಮೇಲೆ ಭಾರ ಹಾಕುತ್ತಿದೆಯೇ? ಜ್ವರ ಇದೆಯೇ?

ಈ ಎರಡನ್ನೇ ಯಾಕೆ ಹೇಳುತ್ತಿದ್ದೇವೆ ಎಂದರೆ, ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದ ಕಾರಣ ಸೊಂಟದ ಕೀಲಿನೊಳಗೆ ಕೀವು ತುಂಬುವುದು. ವೈದ್ಯರು ಇದನ್ನು ಸೆಪ್ಟಿಕ್ ಆರ್ಥ್ರೈಟಿಸ್ ಅನ್ನುತ್ತಾರೆ. ರೋಗಾಣು ಹೆಚ್ಚಾಗಿ ರಕ್ತದ ಮೂಲಕ ಬಂದು ಕೀಲಿನಲ್ಲಿ ಕೂರುತ್ತದೆ, ಹೊರಗೆ ಗಾಯವೇ ಇರಬೇಕೆಂದಿಲ್ಲ. ಮೊಣಕಾಲಲ್ಲಾದರೆ ಊತ ಕಣ್ಣಿಗೆ ಕಾಣುತ್ತದೆ. ಸೊಂಟದ ಕೀಲು ಮಾಂಸದ ಒಳಗೆ ಆಳದಲ್ಲಿರುವುದರಿಂದ ಹೊರಗೆ ಏನೂ ಕಾಣದು. ಒಳಗೆ ಮಾತ್ರ ಕೀವಿನ ಒತ್ತಡಕ್ಕೆ ತೊಡೆ ಎಲುಬಿನ ಗುಂಡಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಕೀಲಿನ ಮೃದ್ವಸ್ಥಿ ಕರಗತೊಡಗುತ್ತದೆ. ಇದಕ್ಕೆ ವಾರಗಟ್ಟಲೆ ಬೇಡ, ಒಂದು ದಿನದೊಳಗೇ ಶುರುವಾಗಬಹುದು. ನಾಲ್ಕೈದು ದಿನ ತಡವಾಗಿ ಬಂದ ಮಕ್ಕಳಲ್ಲಿ ಕೀಲು ಶಾಶ್ವತವಾಗಿ ಹಾಳಾಗುವ ಸಾಧ್ಯತೆ ಹೆಚ್ಚು. ಬೇಗ ಕೀವು ತೆಗೆದು ತೊಳೆದು ರಕ್ತನಾಳಕ್ಕೆ ಔಷಧ ಕೊಟ್ಟರೆ ಅದೇ ಮಗು ಓಡಾಡುತ್ತದೆ.

ಇದೇ ರೀತಿ ಕಾಣುವ, ಆದರೆ ಏನೂ ತೊಂದರೆ ಮಾಡದ ಇನ್ನೊಂದು ಕಾಯಿಲೆಯೂ ಇದೆ. ನೆಗಡಿ, ಕೆಮ್ಮು ಬಂದು ಹೋದ ಮೇಲೆ ಸೊಂಟದ ಕೀಲಿನಲ್ಲಿ ಸ್ವಲ್ಪ ನೀರು ತುಂಬಿ ಮಗು ಕುಂಟುತ್ತದೆ, ಒಂದೆರಡು ವಾರದಲ್ಲಿ ತಾನಾಗಿ ವಾಸಿಯಾಗುತ್ತದೆ. ಎರಡನ್ನೂ ಬೇರ್ಪಡಿಸುವುದು ಹೇಗೆ ಎಂದು 1999ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಡಾ. ಮಿನಿಂದರ್ ಕೋಚರ್ ಮತ್ತು ಸಂಗಡಿಗರು ಹಳೆಯ ದಾಖಲೆಗಳನ್ನು ತೆಗೆದು ನೋಡಿದರು. ನಾಲ್ಕು ಲಕ್ಷಣ ಸಿಕ್ಕವು: ಕಾಲಿನ ಮೇಲೆ ಭಾರ ಹಾಕದಿರುವುದು, 38.5 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಜ್ವರ (ನಮ್ಮ ಥರ್ಮಾಮೀಟರ್ ಲೆಕ್ಕದಲ್ಲಿ 101.3 ಫ್ಯಾರನ್‌ಹೀಟ್), ರಕ್ತದಲ್ಲಿ ಇಎಸ್‌ಆರ್ 40 ದಾಟಿರುವುದು, ಬಿಳಿ ರಕ್ತಕಣ 12,000 ದಾಟಿರುವುದು. ಒಂದೇ ಲಕ್ಷಣ ಇದ್ದ ಮಕ್ಕಳಲ್ಲಿ ಕೀವಿನ ಸಾಧ್ಯತೆ ಶೇ. 3. ಎರಡು ಇದ್ದರೆ ಅದು ನೇರ ಶೇ. 40ಕ್ಕೆ ಜಿಗಿಯಿತು, ಮೂರು ಇದ್ದರೆ ಶೇ. 93ಕ್ಕೆ. ಬೇರೆ ಆಸ್ಪತ್ರೆಗಳಲ್ಲಿ ನಂತರ ಪರೀಕ್ಷಿಸಿದಾಗ ಪ್ರಮಾಣ ಇಷ್ಟು ಬರಲಿಲ್ಲ, ಆದರೂ ಲೆಕ್ಕದ ದಿಕ್ಕು ಬದಲಾಗಲಿಲ್ಲ. ಗಮನಿಸಿ, ನಾಲ್ಕರಲ್ಲಿ ಮೊದಲ ಎರಡನ್ನು ಮನೆಯಲ್ಲೇ ಉಮ್ಮ, ಉಪ್ಪ ನೋಡಬಹುದು. ಎರಡೂ ಒಟ್ಟಿಗೆ ಇದ್ದರೆ ಉಳಿದೆರಡನ್ನು ನೋಡಲು ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು. ಶನಿವಾರ ರಾತ್ರಿಯಾಗಲಿ, ಮನೆಯಲ್ಲಿ ನೆಂಟರಿರಲಿ, ಸೋಮವಾರದವರೆಗೆ ತಡೆದುಕೊಳ್ಳುವ ವಿಷಯ ಇದಲ್ಲ.

ಜ್ವರ ಇಲ್ಲ ಎಂದ ಮಾತ್ರಕ್ಕೆ ನಿರಾಳವಾಗುವಂತಿಲ್ಲ. ಆರು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಕ್ಕಳ ಕೀಲಿಗೆ ಬರುವ ಕಿಂಗೆಲ್ಲ ಎಂಬ ರೋಗಾಣು ದೊಡ್ಡ ಜ್ವರ ತರಿಸದೆಯೇ ಕೆಲಸ ಮಾಡುತ್ತದೆ. ಮೇಲೆ ಹೇಳಿದ ತಾನಾಗಿ ವಾಸಿಯಾಗುವ ನೀರಿನ ತೊಂದರೆ ಮೂರು ವರ್ಷ ದಾಟಿದ ಮಕ್ಕಳಲ್ಲೇ ಹೆಚ್ಚು, ಅದಕ್ಕಿಂತ ಚಿಕ್ಕವರಲ್ಲಿ ಕಡಿಮೆ. ಹಾಗಾಗಿ ಮೂರು ವರ್ಷದೊಳಗಿನ ಮಗು ಕುಂಟಿದರೆ, ಜ್ವರ ಇರಲಿ ಇಲ್ಲದಿರಲಿ, ಅದೇ ದಿನ ವೈದ್ಯರು ನೋಡಬೇಕು. ಜ್ವರವೂ ಇದ್ದು ಕಾಲೂ ಊರದಿದ್ದರೆ ಅದೇ ಗಂಟೆ.

ವೈದ್ಯರ ಬಳಿ ಹೋಗುವ ಮೊದಲು ಮನೆಯಲ್ಲಿ ಹತ್ತು ನಿಮಿಷ ಸಮಾಧಾನವಾಗಿ ಮಗುವನ್ನು ನೋಡುವುದು ಒಳ್ಳೆಯದು. ಬಟ್ಟೆ, ಡೈಪರ್ ಎಲ್ಲ ಬಿಚ್ಚಿ, ಬೆಳಕಿನಲ್ಲಿ. ಪಾದದ ಅಡಿ, ಬೆರಳ ಸಂದು ನೋಡಿ. ಗಾಜಿನ ಚೂರು, ಮುಳ್ಳು, ಬೆರಳಿಗೆ ಸುತ್ತಿಕೊಂಡ ಕೂದಲೆಳೆ ಕೂಡ ಮಗುವನ್ನು ಕುಂಟಿಸುತ್ತದೆ. ಹಬ್ಬಕ್ಕೆ ತಂದ ಹೊಸ ಚಪ್ಪಲಿ ಬಿಚ್ಚಿಸಿ ಬರಿಗಾಲಲ್ಲಿ ನಡೆಸಿ, ಅಲ್ಲಿಗೇ ಮುಗಿದರೂ ಮುಗಿಯಿತು. ಆಮೇಲೆ ನೋವಿಲ್ಲದ ಕಾಲಿನಿಂದ ಶುರು ಮಾಡಿ ಪಾದ, ಮೊಣಕಾಲು, ತೊಡೆ ಮೆಲ್ಲಗೆ ಅದುಮಿ, ಮಡಿಸಿ. ಮಗುವಿನ ಕಾಲು ನೋಡಬೇಡಿ, ಮುಖ ನೋಡಿ. ಡೈಪರ್ ಬದಲಿಸಲು ಕಾಲು ಅಗಲಿಸಿದಾಗ ಕಿರುಚಿಕೊಂಡರೆ, ತೊಡೆಯನ್ನು ಮಡಿಸಿ ಹೊರಗೆ ತಿರುಗಿಸಿ ಹಾಗೇ ಮಲಗಿದ್ದರೆ, ತೊಂದರೆ ಸೊಂಟದ ಕೀಲಿನಲ್ಲಿರಬಹುದು. ದೊಡ್ಡ ಮಕ್ಕಳು ಮೊಣಕಾಲು ತೋರಿಸಿ ನೋವು ಅನ್ನುತ್ತಾರೆ, ನೋವಿನ ಮೂಲ ಸೊಂಟದಲ್ಲಿರುತ್ತದೆ. ಗಂಡುಮಕ್ಕಳಲ್ಲಿ ತೊಡೆಸಂದು, ಬೀಜದ ಚೀಲ ನೋಡಲು ಮರೆಯಬೇಡಿ. ಅಲ್ಲಿ ಊತ, ನೋವು ಇದ್ದರೂ ಮಗು ಕುಂಟುತ್ತದೆ, ಅದೂ ತುರ್ತೇ.

ಮಗುವನ್ನು ನೆಲಕ್ಕೆ ಬಿಟ್ಟು ನೋಡುವ ಒಂದು ಉಪಾಯ ಇದೆ. ನಡೆಯಲು ಒಪ್ಪದ ಮಗು ಅಂಬೆಗಾಲಲ್ಲಿ ಖುಷಿಯಾಗಿ ಹರಿದಾಡಿದರೆ ನೋವು ಬಹುಶಃ ಮೊಣಕಾಲಿನಿಂದ ಕೆಳಗಿದೆ. ಈಗಷ್ಟೇ ನಡೆಯಲು ಕಲಿತ ಮಕ್ಕಳಲ್ಲಿ ಕಾಣುವ ಕಣಕಾಲಿನ ಎಲುಬಿನ ಸಣ್ಣ ಬಿರುಕು ಇರಬಹುದು. ಪಾದ ಸಿಕ್ಕಿಹಾಕಿಕೊಂಡು ಮೈ ತಿರುಗಿದರೆ ಸಾಕು, ಎಲುಬಿನ ಉದ್ದಕ್ಕೂ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಪಾರ್ಕಿನ ಜಾರುಬಂಡೆಯಲ್ಲಿ ನಾವು ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಜಾರುತ್ತೇವಲ್ಲ, ಒಬ್ಬನೇ ಜಾರಿದರೆ ಬಿದ್ದಾನು ಅಂತ. ಮಗುವಿನ ಪಾದ ಪಕ್ಕದ ಅಂಚಿಗೆ ತಾಗಿ ನಿಂತರೆ ನಮ್ಮ ಭಾರವೆಲ್ಲ ಆ ಕಾಲನ್ನು ತಿರುಚುತ್ತದೆ. ಒಬ್ಬನೇ ಜಾರುವುದೇ ವಾಸಿ. ಈ ಬಿರುಕು ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ವಾರ, ಹತ್ತು ದಿನ ಬಿಟ್ಟು ತೆಗೆದ ಎಕ್ಸ್‌ರೇಯಲ್ಲಿ ಎಲುಬು ಕೂಡುತ್ತಿರುವ ಗುರುತು ಕಾಣುತ್ತದೆ. ಎರಡನೇ ಸಲ ಎಕ್ಸ್‌ರೇ ಬರೆದರೆ "ದುಡ್ಡಿಗೋಸ್ಕರ" ಎಂದು ಜಗಳ ತೆಗೆಯಬೇಡಿ.

ಇಂಜೆಕ್ಷನ್ ವಿಷಯವೂ ಹೇಳಬೇಕು. ಸರಕಾರದ ಲಸಿಕೆ ಪಟ್ಟಿಯಲ್ಲಿ 16ರಿಂದ 24 ತಿಂಗಳ ನಡುವಿನ ಡಿಪಿಟಿ ಬೂಸ್ಟರ್ ಅನ್ನು ತೊಡೆಗೆ ಕೊಡುತ್ತಾರೆ. ಮರುದಿನ ತೊಡೆ ನೋವಿಗೆ ಮಗು ಕುಂಟುವುದು ಸಾಮಾನ್ಯ, ಒಂದೆರಡು ದಿನದಲ್ಲಿ ಹೋಗುತ್ತದೆ. ಆದರೆ ಜ್ವರಕ್ಕೆಂದು ಕುಂಡೆಗೆ ಇಂಜೆಕ್ಷನ್ ಕೊಡಿಸಿದ ಮೇಲೆ ಪಾದ ಜೋಲು ಬಿದ್ದರೆ ಅಲ್ಲಿನ ನರಕ್ಕೆ ಏಟಾಗಿರಬಹುದು. ನೋವಿಲ್ಲದೆ ಕಾಲು ಹಠಾತ್ತನೆ ಸೋತು ಜೋತುಬಿದ್ದರೆ ಅದು ಬೇರೆಯೇ ದಾರಿ. ಭಾರತದಲ್ಲಿ ಕಾಡು ಪೋಲಿಯೊದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡಿತು, 2014ರ ಮಾರ್ಚ್ 27ರಂದು ಪೋಲಿಯೊಮುಕ್ತ ಪ್ರಮಾಣಪತ್ರವೂ ಬಂತು. ಆದರೂ 15 ವರ್ಷದೊಳಗಿನ ಯಾವ ಮಗುವಿಗೆ ಹೀಗೆ ಕೈಕಾಲು ಸೋತರೂ ಆಸ್ಪತ್ರೆಯವರು ಆರೋಗ್ಯ ಇಲಾಖೆಗೆ ತಿಳಿಸಬೇಕು, ಮಲದ ಎರಡು ಮಾದರಿ ಕಳಿಸಬೇಕು. ಕೇಳಿದರೆ ಗಾಬರಿ ಬೇಡ, ಕೊಟ್ಟುಬಿಡಿ.

ಇನ್ನು ನಿಧಾನವಾಗಿ ಬರುವ ಕುಂಟು. ವಾರ ಕಳೆದರೂ ಹೋಗದೆ, ಮಗು ಬಿಳಿಚಿಕೊಂಡು, ಎಲ್ಲೂ ತಾಗದಿದ್ದರೂ ಮೈಮೇಲೆ ನೀಲಿ ಕಲೆ ಬಂದು, ರಾತ್ರಿ ಎಲುಬು ನೋವಿಗೆ ಎದ್ದು ಅಳುತ್ತಿದ್ದರೆ ರಕ್ತಪರೀಕ್ಷೆ ಮಾಡಿಸಲೇಬೇಕು. ರಕ್ತದ ಕ್ಯಾನ್ಸರ್ ಕೆಲವು ಮಕ್ಕಳಲ್ಲಿ ಹೀಗೇ ಕಾಲು ನೋವಾಗಿ ಮೊದಲು ಕಾಣಿಸಿಕೊಳ್ಳುತ್ತದೆ. ಅಪರೂಪ, ಆದರೆ ಒಂದು ಸಾದಾ ರಕ್ತಪರೀಕ್ಷೆಯಲ್ಲೇ ಸುಳಿವು ಸಿಗುವ ಸಾಧ್ಯತೆ ಇದೆ.

ಎಣ್ಣೆ, ಕಟ್ಟು, ಉಜ್ಜುವುದು. ಬೆಂಗಳೂರಲ್ಲಿ ಅಲ್ಲಲ್ಲಿ "ಪುತ್ತೂರು ಕಟ್ಟು" ಬೋರ್ಡ್ ಕಾಣುತ್ತದೆ. ಅದನ್ನು ನೋಡಿ ನಮ್ಮವರಿಗೆ ಊರಿನವರೇ ಸಿಕ್ಕಿದಷ್ಟು ಸಂತೋಷ. ಆದರೆ ಅದು ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ ತಿರುಪತಿ ಕಡೆಯ ಪುತ್ತೂರು! ಹೆಸರಿನ ಮಾತು ಹಾಗಿರಲಿ. ಕೀವು ತುಂಬಿದ ಕೀಲನ್ನು ಉಜ್ಜಿದರೆ ಕೀವು ಇಳಿಯುವುದಿಲ್ಲ, ದಿನ ಮಾತ್ರ ಹೋಗುತ್ತದೆ. ಬಿಗಿಯಾಗಿ ಕಟ್ಟಿದ ಚಿಕ್ಕ ಕಾಲಿಗೆ ರಕ್ತ ನಿಂತರೆ ಕಾಲಿಗೇ ಅಪಾಯ. ಉಸ್ತಾದರ ಬಳಿ ಓದಿಸಿ ಊದಿಸುವುದಿದ್ದರೆ ಆಸ್ಪತ್ರೆಯಿಂದ ಬಂದ ಮೇಲೂ ಮಾಡಿಸಬಹುದು, ಯಾರೂ ಬೇಡ ಅನ್ನುವುದಿಲ್ಲ.

ಇದಕ್ಕಿಂತ ಹೆಚ್ಚು ನಾವು ಹೆದರುವುದು ಮೆಡಿಕಲ್ ಶಾಪ್‌ನಿಂದ ತಂದು ಕುಡಿಸುವ ಆ್ಯಂಟಿಬಯಾಟಿಕ್‌ಗೆ. ಎರಡು ಡೋಸ್‌ಗೆ ಜ್ವರ ತಗ್ಗುತ್ತದೆ, ಕೀಲಿನೊಳಗೆ ರೋಗ ಉಳಿಯುತ್ತದೆ, ಆಮೇಲೆ ಆಸ್ಪತ್ರೆಯಲ್ಲಿ ಕೀವು ತೆಗೆದು ಪರೀಕ್ಷಿಸಿದರೂ ಯಾವ ರೋಗಾಣು ಎಂದು ಪತ್ತೆಯಾಗದೆ ಹೋಗಬಹುದು. ಪ್ಯಾರಸಿಟಮಾಲ್ ಕೊಡಬಹುದು, ಆದರೆ ಕೊಡುವ ಮೊದಲು ಜ್ವರ ಎಷ್ಟಿತ್ತು, ಎಷ್ಟು ಹೊತ್ತಿಗೆ ಎಂದು ಬರೆದಿಟ್ಟುಕೊಳ್ಳಿ. ಸಿರಪ್ ಬೇರೆ ಬೇರೆ ಬಲದಲ್ಲಿ ಬರುತ್ತದೆ, 5 ಎಂಎಲ್‌ನಲ್ಲಿ 250 ಮಿಲಿಗ್ರಾಂ ಇರುವ ಬಾಟಲಿಯನ್ನು 120ರ ಬಾಟಲಿ ಎಂದುಕೊಂಡು ಹಾಕಿದರೆ ಡೋಸ್ ಎರಡು ಪಟ್ಟಾಗುತ್ತದೆ. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ.

ಎಲ್ಲಿಗೆ ಹೋಗುವುದು? ರಾತ್ರಿ ಹೊತ್ತಿನಲ್ಲಿ ಮಕ್ಕಳ ವೈದ್ಯರು, ಎಲುಬಿನ ವೈದ್ಯರು, ಎಕ್ಸ್‌ರೇ, ಅಲ್ಟ್ರಾಸೌಂಡ್, ರಕ್ತಪರೀಕ್ಷೆ ಎಲ್ಲ ಒಂದೇ ಕಡೆ ಇರುವ ಜಾಗ ಬೇಕು. ಬೀದಿ ತುದಿಯ ಕ್ಲಿನಿಕ್ ಇದಕ್ಕೆ ಸಾಲದು. ಸಂಬಳದಲ್ಲಿ ಇಎಸ್‌ಐ ಕಡಿತವಾಗುವವರಿಗೆ ರಾಜಾಜಿನಗರದ ಇಎಸ್‌ಐ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ಹೆಂಡತಿ ಮಕ್ಕಳಿಗೂ ಅದರ ಹಕ್ಕಿದೆ. ಬೇಕರಿ, ಹೋಟೆಲ್, ಬಟ್ಟೆ ಅಂಗಡಿಯಲ್ಲಿ ದುಡಿಯುವ ಎಷ್ಟೋ ಹುಡುಗರಿಗೆ ಈ ಕಾರ್ಡ್ ಇರುತ್ತದೆ, ಊರಿನ ಪೆಟ್ಟಿಗೆಯಲ್ಲಿ! ಕೆ.ಆರ್. ಮಾರ್ಕೆಟ್ ಬಳಿಯ ವಾಣಿವಿಲಾಸ ಸರಕಾರಿ ತಾಯಿ ಮಕ್ಕಳ ಆಸ್ಪತ್ರೆ. ನಿಮ್ಹಾನ್ಸ್ ಹತ್ತಿರದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮಕ್ಕಳಿಗೆಂದೇ ಇದೆ, ಎಲುಬಿಗಾಗಿ ಜಯನಗರದಲ್ಲಿ ಸಂಜಯ್ ಗಾಂಧಿ ಸಂಸ್ಥೆ ಇದೆ. ಕೆಂಗೇರಿಯಿಂದ ಆಚೆಯವರಿಗೆ ಮೈಸೂರು ರಸ್ತೆಯ ಕಂಬಿಪುರದಲ್ಲಿ ರಾಜರಾಜೇಶ್ವರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರ, ಇದು ಖಾಸಗಿ. ಮಗು ಮಂಕಾಗಿ, ಎಬ್ಬಿಸಿದರೂ ಸರಿಯಾಗಿ ಕಣ್ಣು ಬಿಡದಿದ್ದರೆ 108ಕ್ಕೆ ಕರೆ ಮಾಡಿ.

ಹೋಗುವಾಗ ತಾಯಿ ಕಾರ್ಡ್, ಆಧಾರ್, ಇದ್ದರೆ ಬಿಪಿಎಲ್ ಕಾರ್ಡ್ ತೆಗೆದುಕೊಳ್ಳಿ. ಮಗು ಕೊನೆಯದಾಗಿ ಹಾಲು, ಊಟ ತೆಗೆದುಕೊಂಡ ಹೊತ್ತು ನೆನಪಿರಲಿ, ಕೀಲು ತೊಳೆಯಬೇಕಾದರೆ ಅರಿವಳಿಕೆ ಕೊಡುವವರು ಮೊದಲು ಕೇಳುವುದೇ ಅದು. ಮಗು ನಡೆಯುವುದನ್ನು ಮೊಬೈಲಲ್ಲಿ ಅರ್ಧ ನಿಮಿಷ ವಿಡಿಯೋ ಮಾಡಿಟ್ಟುಕೊಳ್ಳಿ, ಆಸ್ಪತ್ರೆಯಲ್ಲಿ ಬಿಳಿ ಕೋಟು ನೋಡಿದ ಕೂಡಲೇ ಮಗು ನಡೆಯುವುದೇ ಇಲ್ಲ. "ಹೇಗಾಯಿತು, ಆಗ ಮನೆಯಲ್ಲಿ ಯಾರಿದ್ದರು?" ಎಂದು ಎರಡು ಮೂರು ಸಲ ಕೇಳಿದರೆ ಸಿಟ್ಟಾಗಬೇಡಿ. ಮಕ್ಕಳ ಎಲುಬು ಮುರಿದಾಗ ಎಲ್ಲರನ್ನೂ ಹಾಗೇ ಕೇಳುತ್ತಾರೆ. ಯಾರೂ ನೋಡದಾಗ ಆಗಿದ್ದರೆ "ನೋಡಿಲ್ಲ" ಅನ್ನಿ, ಕತೆ ಕಟ್ಟಬೇಡಿ.

ಎಲ್ಲ ಪರೀಕ್ಷೆ ಸರಿಯಿದ್ದು ಮನೆಗೆ ಕಳಿಸಿದರೆ, ಯಾವ ದಿನ ಮತ್ತೆ ತೋರಿಸಬೇಕು ಎಂದು ಚೀಟಿಯಲ್ಲಿ ಬರೆಸಿಕೊಂಡೇ ಬನ್ನಿ. ನಡುವೆ ಜ್ವರ ಬಂದರೆ, ಕುಂಟುತ್ತಿದ್ದ ಮಗು ಕಾಲು ಊರುವುದನ್ನೇ ಬಿಟ್ಟರೆ ಆ ದಿನದವರೆಗೆ ಕಾಯದೆ ಅದೇ ಆಸ್ಪತ್ರೆಗೆ, ಅದೇ ಚೀಟಿ ಹಿಡಿದು, ರಾತ್ರಿಯಾದರೂ ಹೋಗಬೇಕು.