ಕೈದೀಪದ ಕೋಶ: ಹೊದಿಕೆಯ ಮೇಲಿನ ಅಂಕಿ, ಒಳಗಿನ ನಿಜ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಳ್ಳಿಗಳಲ್ಲಿ ‘ಬ್ಯಾಟರಿ’ ಎಂದರೆ ಕೈದೀಪವೆಂದೇ ಅರ್ಥ. ಮಳೆಗಾಲದ ಕಾರ್ಗತ್ತಲೆಯಲ್ಲಿ ಅಡಕೆಯ ತೋಟಕ್ಕೆ ಇಳಿಯುವವರಿಗೆ ಹಿಂದೆ ದೊಂದಿಯೋ ಲಾಟೀನೋ ಒದಗುತ್ತಿದ್ದಂತೆ ಇಂದು ಕೈದೀಪವೋ ಹಣೆಗೆ ಕಟ್ಟುವ ದೀಪವೋ ಒದಗುತ್ತದೆ. ಈ ಸೀಮೆಯ ಸುತ್ತಲೇ ಶರಾವತಿ, ಕಾಳಿ ನದಿಗಳ ಜಲವಿದ್ಯುದಾಗಾರಗಳಿವೆ. ಕೈಗಾದ ಪರಮಾಣು ವಿದ್ಯುತ್ ಕೇಂದ್ರವೂ ದೂರವಿಲ್ಲ. ಆದರೂ ಆಷಾಢದ ಗಾಳಿಗೆ ಮರವೊಂದು ತಂತಿಯ ಮೇಲೆ ಉರುಳಿತೆಂದರೆ ಕಾಡಿನ ನಡುವಣ ಮನೆಗಳು ದಿನಗಟ್ಟಲೆ ಕತ್ತಲಲ್ಲಿ ಉಳಿಯುವುದುಂಟು. ಆಗ ಮನೆಯವರು ನೆಚ್ಚುವುದು ಹೆಬ್ಬೆರಳ ಗಾತ್ರದ ಒಂದು ಲೋಹದ ಕೊಳವೆಯನ್ನು. ಅದು ನೆಚ್ಚಿಕೆಗೆ ತಕ್ಕುದೇ ಎಂಬುದನ್ನು ಅರಿಯುವ ಬಗೆ ಹೇಗೆ?

ಈ ಕೊಳವೆಗೆ 18650 ಎಂಬುದು ರೂಢಿಯ ಹೆಸರು. ಮೊದಲ ಎರಡು ಅಂಕಿಗಳು ವ್ಯಾಸವನ್ನೂ (18 ಮಿಲಿಮೀಟರ್), ಅನಂತರದ ಎರಡು ಉದ್ದವನ್ನೂ (65 ಮಿಲಿಮೀಟರ್), ಕೊನೆಯ ಸೊನ್ನೆ ಅದು ದುಂಡಗಿನ ಕೊಳವೆಯೆಂಬುದನ್ನೂ ಸೂಚಿಸುತ್ತವೆ. ಇದು ಲಿಥಿಯಮ್-ಅಯಾನು ಕೋಶಗಳ ಕುಲಕ್ಕೆ ಸೇರಿದುದು. ಅಂಥ ಕೋಶವನ್ನು ಮೊದಲು ಮಾರುಕಟ್ಟೆಗೆ ತಂದದ್ದು ಜಪಾನಿನ ಸೋನಿ ಸಂಸ್ಥೆ, 1991ರಲ್ಲಿ. ಅದಕ್ಕೆ ತಳಹದಿ ಹಾಕಿದ ವಿಟಿಂಗ್‌ಹ್ಯಾಮ್, ಗುಡ್‌ಇನಫ್, ಯೋಶಿನೊ ಈ ಮೂವರಿಗೆ 2019ರ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕ ಸಂದಿತು.

ಕೋಶದ ಒಳಗೆ ಎರಡು ಉದ್ದನೆಯ ಹಾಳೆಗಳಿವೆ. ಒಂದು ತಾಮ್ರದ್ದು, ಅದಕ್ಕೆ ಗ್ರಾಫೈಟಿನ ಲೇಪ. ಇನ್ನೊಂದು ಅಲ್ಯೂಮಿನಿಯಮ್ಮಿನದು, ಅದಕ್ಕೆ ಲಿಥಿಯಮ್ಮಿನೊಡನೆ ನಿಕ್ಕಲ್, ಕೋಬಾಲ್ಟ್ ಮೊದಲಾದ ಲೋಹಗಳು ಬೆರೆತ ಆಕ್ಸೈಡಿನ ಲೇಪ. ನಡುವೆ ಕೂದಲಿಗಿಂತ ತೆಳುವಾದ, ಸೂಕ್ಷ್ಮ ರಂಧ್ರಗಳುಳ್ಳ ಪ್ಲಾಸ್ಟಿಕ್ಕಿನ ಪೊರೆ. ಇವನ್ನೆಲ್ಲ ಚಾಪೆಯಂತೆ ಸುರುಳಿ ಸುತ್ತಿ ಉಕ್ಕಿನ ಕೊಳವೆಯಲ್ಲಿರಿಸಿ, ಬೇಗನೆ ಉರಿಯಬಲ್ಲ ಒಂದು ದ್ರವದಿಂದ ತೋಯಿಸುತ್ತಾರೆ. ಚಾರ್ಜು ಮಾಡುವಾಗ ಲಿಥಿಯಮ್ ಅಯಾನುಗಳು ಆಕ್ಸೈಡನ್ನು ಬಿಟ್ಟು, ಪೊರೆಯನ್ನು ದಾಟಿ, ಗ್ರಾಫೈಟಿನ ಪದರಗಳ ನಡುವೆ ಹೋಗಿ ಕೂರುತ್ತವೆ. ದೀಪ ಉರಿಯುವಾಗ ಬಂದ ದಾರಿಯಲ್ಲೇ ಮರಳುತ್ತವೆ.

ಇನ್ನು ಹೊದಿಕೆಯ ಮೇಲಿನ ಅಂಕಿಗೆ ಬರೋಣ. ಇಂದಿನ ಒಳ್ಳೆಯ 18650 ಕೋಶ ಸುಮಾರು 3500 ಮಿಲಿಆಂಪಿಯರ್-ಗಂಟೆಯಷ್ಟು ವಿದ್ಯುತ್ತನ್ನು ಹಿಡಿಯಬಲ್ಲುದು. ಆದರೆ ಅದೇ ಗಾತ್ರದ, ಅಗ್ಗದ ಬೆಲೆಯ ಕೋಶಗಳ ಮೇಲೆ 6000, 8800, 9900 ಎಂಬ ಅಂಕಿಗಳು ಮಿರುಗುತ್ತಿರುತ್ತವೆ. ಇವು ಸುಳ್ಳೆಂದು ತಿಳಿಯಲು ಪ್ರಯೋಗಶಾಲೆ ಬೇಡ, ಕಾಗದ ಪೆನ್ಸಿಲು ಸಾಕು. ಗ್ರಾಫೈಟಿನಲ್ಲಿ ಆರು ಕಾರ್ಬನ್ ಪರಮಾಣುಗಳಿಗೆ ಒಂದು ಲಿಥಿಯಮ್ ಅಯಾನು ಮಾತ್ರ ನೆಲೆಸಬಲ್ಲುದು. ಈ ಲೆಕ್ಕದಂತೆ 1 ಗ್ರಾಮ್ ಗ್ರಾಫೈಟಿನ ಧಾರಣಶಕ್ತಿ 372 ಮಿಲಿಆಂಪಿಯರ್-ಗಂಟೆ. 9900ಕ್ಕೆ ಸುಮಾರು 26.6 ಗ್ರಾಮ್ ಬೇಕು. ಅದು ಹಿಡಿಯುವ ಜಾಗ 12 ಘನ ಸೆಂಟಿಮೀಟರ್. ಆಕ್ಸೈಡಿನ ಧಾರಣಶಕ್ತಿ ಗ್ರಾಮಿಗೆ ಸುಮಾರು 200. ಹಾಗಾಗಿ ಅದು 49.5 ಗ್ರಾಮ್, ಅಂದರೆ ಹತ್ತೂವರೆ ಘನ ಸೆಂಟಿಮೀಟರಿನಷ್ಟು ಬೇಕು. ಎರಡೂ ಸೇರಿ ಇಪ್ಪತ್ತೆರಡನ್ನು ಮೀರಿತು. ಇಡೀ ಕೊಳವೆಯ ಘನಗಾತ್ರವೋ, 18ರ ವ್ಯಾಸ, 65ರ ಉದ್ದದಿಂದ ಲೆಕ್ಕ ಹಾಕಿ ನೋಡಿದರೆ, ಕೇವಲ 16.5! ಹಾಳೆ, ಪೊರೆ, ದ್ರವ, ಉಕ್ಕು ಇವುಗಳಿಗೆ ಸ್ಥಳವೆಲ್ಲಿ? ಕೊಳಗದಲ್ಲಿ ಖಂಡುಗ ಅಳೆದಂತಾಯಿತು.

ತೂಕವೂ ಇದನ್ನೇ ಸಾರುತ್ತದೆ. ಒಳ್ಳೆಯ ಕೋಶ ಸಾಮಾನ್ಯವಾಗಿ 44ರಿಂದ 50 ಗ್ರಾಮ್ ತೂಗುತ್ತದೆ. ಶಾಲೆಯ ತಕ್ಕಡಿಯಲ್ಲಿಟ್ಟಾಗ ಅದು 30ರ ಆಸುಪಾಸಿನಲ್ಲಿ ನಿಂತರೆ ಒಳಗೆ ಸರಕೇ ಇಲ್ಲವೆಂದು ತಿಳಿಯಬೇಕು. ದೊಡ್ಡ ಕೊಳವೆಯೊಳಗೆ ಸಣ್ಣ ಕೋಶವನ್ನು ಅಡಗಿಸಿ, ಉಳಿದೆಡೆ ಪುಡಿ ತುಂಬಿದ ಉದಾಹರಣೆಗಳೂ ಉಂಟು. ಆದರೆ ತೂಕ ಸರಿಯಿದ್ದ ಮಾತ್ರಕ್ಕೆ ಕೋಶ ಒಳ್ಳೆಯದೆನ್ನುವಂತಿಲ್ಲ. ಹಳೆಯ ಲ್ಯಾಪ್‌ಟಾಪುಗಳಿಂದ ಕಿತ್ತ, ಸವೆದ ಕೋಶಗಳಿಗೆ ಹೊಸ ಹೊದಿಕೆ ತೊಡಿಸಿ ಮಾರುವವರಿದ್ದಾರೆ. ಅವುಗಳ ತೂಕದಲ್ಲಿ ಕೊರತೆಯಿರುವುದಿಲ್ಲ.

ಅಂಕಿ ಸುಳ್ಳಾದ ಮಾತ್ರಕ್ಕೆ ಕೋಶ ಸಿಡಿಯದು, ನಿಜ. ಆದರೆ ಹೊರಗೆ ಸುಳ್ಳು ಬರೆದವನು ಒಳಗಿನ ಪೊರೆಯನ್ನು ಮಾತ್ರ ಪ್ರಾಮಾಣಿಕವಾಗಿ ಸುತ್ತಿದ್ದಾನೆಂದು ನಂಬುವುದೆಂತು? ಪೊರೆಯಲ್ಲಿ ದೋಷವಿದ್ದರೆ, ಲೋಹದ ಕಣವೊಂದು ಅದನ್ನು ಚುಚ್ಚಿದರೆ, ಎರಡು ಹಾಳೆಗಳು ಒಂದನ್ನೊಂದು ಮುಟ್ಟಿ ಒಳಗೇ ‘ಶಾರ್ಟ್’ ಆಗುತ್ತದೆ. ಉಷ್ಣತೆ ಸುಮಾರು 130 ಡಿಗ್ರಿ ಸೆಂಟಿಗ್ರೇಡಿಗೆ ಏರಿದಾಗ ಪೊರೆಯೇ ಕರಗತೊಡಗುತ್ತದೆ. 200 ಡಿಗ್ರಿಯ ಹೊತ್ತಿಗೆ ಆಕ್ಸೈಡು ಒಡೆದು ಆಮ್ಲಜನಕವನ್ನು ಹೊರಬಿಡುತ್ತದೆ. ಉರಿಯುವ ದ್ರವ, ಆಮ್ಲಜನಕ, ಶಾಖ ಮೂರೂ ಮುಚ್ಚಿದ ಕೊಳವೆಯಲ್ಲಿ ಒಟ್ಟಾದರೆ ಆಗುವುದೇನೆಂಬುದನ್ನು ವಿದ್ಯಾರ್ಥಿಗಳು ಊಹಿಸಬಲ್ಲರು. 4.2 ವೋಲ್ಟನ್ನು ಮೀರಿ ಚಾರ್ಜು ಮಾಡಿದರೂ ಕೇಡು: ಗ್ರಾಫೈಟಿನಲ್ಲಿ ಎಡೆ ಸಿಗದ ಲಿಥಿಯಮ್ ಅದರ ಮೇಲೆ ಲೋಹವಾಗಿ ಕೂರುತ್ತದೆ. ವಿಭವ ಎರಡೂವರೆ ವೋಲ್ಟಿಗಿಂತ ಬಹಳ ಕೆಳಗಿಳಿದರೆ ತಾಮ್ರದ ಹಾಳೆಯೇ ಕರಗತೊಡಗುತ್ತದೆ. ಪೆಟ್ಟಿಗೆಯಲ್ಲಿ ಮರೆತು ಪೂರಾ ಬರಿದಾದ ಕೋಶಕ್ಕೆ ಮತ್ತೆ ಜೀವ ತುಂಬಲು ಹೋಗಬಾರದು.

ಕೋಶ ಎಷ್ಟು ಹೊತ್ತು ನಡೆಯುತ್ತದೆಂಬುದು ಒಂದು, ಎಷ್ಟು ಬಿರುಸಾಗಿ ವಿದ್ಯುತ್ತನ್ನು ಕೊಡಬಲ್ಲುದೆಂಬುದು ಇನ್ನೊಂದು. 3500ರ ಕೋಶಗಳು ಸಾಮಾನ್ಯವಾಗಿ 8–10 ಆಂಪಿಯರ್ ತಾಳುತ್ತವೆ. 20 ಆಂಪಿಯರ್ ಕೊಡುವಂಥವುಗಳ ಧಾರಣಶಕ್ತಿ ಅನೇಕ ವೇಳೆ 2500ರ ಸುಮಾರಿನಲ್ಲಿರುತ್ತದೆ. ಒಂದೆರಡು ಆಂಪಿಯರಿನ ಕೈದೀಪಕ್ಕೆ ಮೊದಲನೆಯದೇ ಸಾಕು. ಈ ಭೇದವನ್ನು ಜಗತ್ತಿಗೆ ಕಟುವಾಗಿ ಕಲಿಸಿದ್ದು ವಿದ್ಯುತ್ ಸಿಗರೇಟು. ಅದರ 0.2 ಓಮ್ ರೋಧದ ಸುರುಳಿ 4.2 ವೋಲ್ಟಿನಲ್ಲಿ 21 ಆಂಪಿಯರ್ ಪ್ರವಾಹವನ್ನು ಸೆಳೆಯುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ 2018ರಲ್ಲಿ ಅಂಥ ಉಪಕರಣ ಸಿಡಿದು ಒಬ್ಬನು ಸತ್ತನು. ನಮ್ಮ ದೇಶದಲ್ಲಿ 2019ರ ಕಾನೂನು ಅದರ ತಯಾರಿಕೆ, ಆಮದು, ಮಾರಾಟಗಳನ್ನು ನಿಷೇಧಿಸಿದೆ.

ಕೊಳ್ಳುವಾಗ ಹೊದಿಕೆಯ ಮೇಲೆ ತಯಾರಕರ ಹೆಸರು, ಮಾದರಿಯ ಸಂಖ್ಯೆ, ಭಾರತೀಯ ಮಾನಕ ಬ್ಯೂರೋದ ಗುರುತು ಇವೆಯೇ ಎಂದು ನೋಡಬೇಕು. ಇಂಥ ಕೋಶಗಳಿಗೆ ಅನ್ವಯಿಸುವ ಮಾನಕ ಐಎಸ್ 16046. ಗುರುತಿನ ಜೊತೆ ‘ಆರ್’ ಅಕ್ಷರದ ಮುಂದೆ ಎಂಟು ಅಂಕಿಗಳ ನೋಂದಣಿ ಸಂಖ್ಯೆಯಿರುತ್ತದೆ. ಗುರುತನ್ನು ಯಾರು ಬೇಕಾದರೂ ಅಚ್ಚುಹಾಕಿಯಾರು. ಆದುದರಿಂದ ಆ ಸಂಖ್ಯೆಯನ್ನು ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿ, ಬರುವ ಹೆಸರು ಹೊದಿಕೆಯ ಹೆಸರಿಗೆ ಹೊಂದುವುದೇ ಎಂದು ಪರೀಕ್ಷಿಸಬೇಕು. ಬಿಡಿ ಕೋಶವಾದರೆ ತಳದಲ್ಲಿ ರಕ್ಷಕ ಮಂಡಲವಿರುವುದನ್ನೇ ಆರಿಸುವುದು ಮೇಲು. ಅದು ಅತಿಚಾರ್ಜನ್ನೂ ಶಾರ್ಟನ್ನೂ ತಡೆಯುತ್ತದೆ. ಅದರಿಂದ ಕೋಶದ ಉದ್ದ 68–70 ಮಿಲಿಮೀಟರಿಗೆ ಏರುವುದರಿಂದ ದೀಪದಲ್ಲಿ ಹಿಡಿಸುವುದೇ ಎಂದು ಅಳೆದುಕೊಳ್ಳಬೇಕು.

ಒಳ್ಳೆಯ ಕೋಶವನ್ನೂ ಕೆಡಿಸುವ ಅಭ್ಯಾಸಗಳಿವೆ. ಕವಳದ ಸಂಚಿಯಲ್ಲಿ ಅಡಕತ್ತರಿ, ಸುಣ್ಣದ ಡಬ್ಬಿಗಳ ಜೊತೆ ಬಿಡಿ ಕೋಶವನ್ನು ಹಾಕಿಕೊಳ್ಳುವುದು ಅವುಗಳಲ್ಲೊಂದು. ಕೊಳವೆಯ ಮೈಯೆಲ್ಲ ಋಣಧ್ರುವ. ಹೊದಿಕೆ ಹರಿದೆಡೆ ಲೋಹ ತಗುಲಿ, ಅದೇ ಲೋಹ ತುದಿಯ ಧನಧ್ರುವವನ್ನೂ ಮುಟ್ಟಿದರೆ ಸಂಚಿಯೇ ಹೊತ್ತಿಕೊಂಡೀತು. ಮಳೆಯಲ್ಲಿ ನೆನೆದ ದೀಪವನ್ನು ಬಚ್ಚಲೊಲೆಯ ದಂಡೆಯಲ್ಲಿ ಒಣಗಿಸುವುದೂ, ಹಾಸಿಗೆಯ ಮೇಲಿಟ್ಟು ರಾತ್ರಿಯಿಡೀ ಚಾರ್ಜು ಮಾಡುವುದೂ ಅಷ್ಟೇ ಅಪಾಯಕರ. ಚಾರ್ಜಿನಲ್ಲಿರುವಾಗ ಮುಟ್ಟಲಾರದಷ್ಟು ಬಿಸಿಯಾಗುವ, ಉಬ್ಬುವ, ಸಿಹಿಯಾದ ತೀಕ್ಷ್ಣ ವಾಸನೆ ಬರುವ ಕೋಶದ ಚಾರ್ಜನ್ನು ಗೋಡೆಯ ಗುಂಡಿಯಿಂದಲೇ ನಿಲ್ಲಿಸಿ ದೂರ ಸರಿಯಬೇಕು, ಹೊಗೆಯನ್ನು ಉಸಿರಾಡಬಾರದು. ಹೊತ್ತಿಕೊಂಡರೆ ಬೆಂಕಿ ಆರಿದ ಮೇಲೂ ತಣ್ಣಗಾಗುವ ತನಕ ನೀರು ಸುರಿಯುತ್ತಿರಬೇಕು, ಏಕೆಂದರೆ ಒಳಗಿನ ಶಾಖದಿಂದ ಅದು ಮತ್ತೆ ಹೊತ್ತಿಕೊಳ್ಳಬಲ್ಲುದು. ಸವೆದ ಕೋಶಗಳ ಎರಡು ತುದಿಗಳಿಗೂ ಅಂಟುಪಟ್ಟಿ ಸುತ್ತಿ, ಗೊಬ್ಬರಗುಂಡಿಗೆ ಎಸೆಯದೆ, ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಹೀಗೆ ಹಿಂದಕ್ಕೆ ಪಡೆಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆಯೇ ಹೊರಿಸಿವೆ.