ಕೆರೆ ಹೋಯಿತು, ಏರಿ ಉಳಿಯಿತು

ಬೆನ್ಸನ್ ಟೌನ್‌ನಿಂದ ರೈಲು ಹಳಿ ದಾಟಿ ವಸಂತನಗರದತ್ತ ಬಂದರೆ ಅಲ್ಲೊಂದು ರಸ್ತೆ. ಹೆಸರು ಮಿಲ್ಲರ್ಸ್ ಟ್ಯಾಂಕ್ ಬಂಡ್ ರಸ್ತೆ. ಟ್ಯಾಂಕ್ ಎಂದರೆ ಕೆರೆ, ಬಂಡ್ ಎಂದರೆ ಏರಿ. ಆದರೆ ಎಷ್ಟು ಹುಡುಕಿದರೂ ಅಲ್ಲಿ ಕೆರೆ ಸಿಗದು! ಒಂದು ಕಾಲದ ಕೆರೆಯಂಗಳದಲ್ಲಿ ಈಗ ಗುರುನಾನಕ್ ಭವನವಿದೆ. ಕೆರೆ ಮಾಯವಾದರೂ ಏರಿಯ ಹೆಸರು ಮಾತ್ರ ವಿಳಾಸಗಳಲ್ಲಿ ಉಳಿದುಕೊಂಡಿದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿನ ಊರು. ವರ್ಷವಿಡೀ ತುಂಬಿ ಹರಿಯುವ ಹೊಳೆ ಇಲ್ಲಿಲ್ಲ. ದಿಬ್ಬದ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಯ ಪಾಲು. ಬೆನ್ಸನ್ ಟೌನ್, ಶಿವಾಜಿನಗರ, ಹಲಸೂರುಗಳೆಲ್ಲ ಈ ಪೂರ್ವದ ಇಳಿಜಾರಿನಲ್ಲಿವೆ.

ದಂಡಿನ ಊರು

1799ರಲ್ಲಿ ಟಿಪ್ಪು ಮಡಿದ ನಂತರ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿದ್ದ ಇಂಗ್ಲಿಷರ ಸೇನೆ ಬೆಂಗಳೂರಿಗೆ ಸರಿಯಿತು. 1809ರಲ್ಲಿ ಹಲಸೂರಿನ ಬಳಿ ದಂಡುಪ್ರದೇಶ ಸ್ಥಾಪನೆಯಾಯಿತು. 1864ರಲ್ಲಿ ಜೋಲಾರ್‌ಪೇಟೆಯಿಂದ ರೈಲು ಬಂದದ್ದೂ ಈ ದಂಡಿಗೇ. ಇಂದಿಗೂ ಹಿರಿಯರ ಬಾಯಲ್ಲಿ ಅದು ‘ದಂಡು ಸ್ಟೇಷನ್’. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದರೂ ದಂಡು ಇಂಗ್ಲಿಷರ ಕೈಯಲ್ಲೇ ಉಳಿಯಿತು. ಪೇಟೆ ಮತ್ತು ದಂಡು ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ.

1898ರಲ್ಲಿ ಬಂದ ಪ್ಲೇಗ್ ಇಕ್ಕಟ್ಟಿನ ಓಣಿಗಳಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಗಾಳಿ ಬೆಳಕು ಬೇಕು, ಅಗಲವಾದ ರಸ್ತೆ ಬೇಕು ಎಂಬ ಅರಿವು ಮೂಡಿತು. ಪೇಟೆಯ ಕಡೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ದಂಡಿನ ಕಡೆ ಫ್ರೇಸರ್ ಟೌನ್, ಅದರ ನಂತರ ಬೆನ್ಸನ್ ಟೌನ್ ಮೊದಲಾದ ಬಡಾವಣೆಗಳು ಎದ್ದವು. ಮಿಲ್ಲರ್ಸ್ ರಸ್ತೆಯಲ್ಲಿ ಆರ್ಚ್‌ಬಿಷಪ್ಪರ ನಿವಾಸವಿದೆ, ಖುದ್ದೂಸ್ ಸಾಹೇಬ್ ಈದ್ಗಾ ಮೈದಾನವೂ ಇದೆ. ಪಕ್ಕದ ನಂದಿದುರ್ಗ ರಸ್ತೆ ನಂದಿ ಬೆಟ್ಟದ ಹೆಸರು ಹೊತ್ತಿದೆ.

ನಲ್ಲಿ ಬಂತು, ಕೆರೆ ಮರೆಯಿತು

1875–77ರ ಭೀಕರ ಬರದ ನಂತರ ನೀರಿನ ಬೆಲೆ ಎಲ್ಲರಿಗೂ ತಿಳಿದಿತ್ತು. 1882ರಲ್ಲಿ ಸ್ಯಾಂಕಿ ಕೆರೆ ಕಟ್ಟಿದಾಗ ಅದಕ್ಕೆ ಮಿಲ್ಲರ್ಸ್ ಕೆರೆ, ಧರ್ಮಾಂಬುಧಿ ಕೆರೆಗಳೊಂದಿಗೆ ಸಂಪರ್ಕ ಕಲ್ಪಿಸಲಾಯಿತು. ಆದರೆ 1896ರಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂತು. ಮುಂದೆ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಮನೆಯಲ್ಲೇ ನಲ್ಲಿ ತಿರುಗಿಸುವವರಿಗೆ ಊರ ಕೆರೆಯ ಹಂಗೇಕೆ? ಕೆರೆಯಂಗಳ ಬರೀ ನಿವೇಶನವಾಗಿ ಕಾಣತೊಡಗಿತು. ಧರ್ಮಾಂಬುಧಿಯ ಜಾಗದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ.

ಕೆರೆಯನ್ನು ಮುಚ್ಚಬಹುದು, ಇಳಿಜಾರನ್ನು ಮುಚ್ಚಲಾದೀತೇ? ದಂಡಿನ ಮಳೆನೀರು ಇಂದಿಗೂ ರಾಜಕಾಲುವೆ ಹಿಡಿದು ಹಲಸೂರು ಕೆರೆಗೆ ಹೋಗುತ್ತದೆ. ಅಲ್ಲಿಂದ ಬೆಳ್ಳಂದೂರು, ವರ್ತೂರು, ದಕ್ಷಿಣ ಪಿನಾಕಿನಿ; ಕೊನೆಗೆ ತಮಿಳುನಾಡಿನ ಕಡಲೂರಿನ ಬಳಿ ಬಂಗಾಳ ಕೊಲ್ಲಿ. ನೀರಿನ ಜೊತೆಗೆ ಚರಂಡಿಯ ಕೊಳಚೆಯೂ ಅದೇ ದಾರಿ ಹಿಡಿಯುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. 2017ರಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿಯೇ ಎದ್ದಿತು. ಮೇಲಿನವರು ಮರೆತದ್ದನ್ನು ಕೆಳಗಿನವರು ಅನುಭವಿಸಬೇಕಾಯಿತು.

ಭೂಗೋಳದ ಪಾಠ ಪುಸ್ತಕದಲ್ಲಷ್ಟೇ ಇಲ್ಲ. ಒಂದು ಭಾನುವಾರ ತಂದೆತಾಯಂದಿರು ಮಕ್ಕಳನ್ನು ಕರೆದುಕೊಂಡು ಈ ಏರಿಯ ರಸ್ತೆಯಿಂದ ಹಲಸೂರು ಕೆರೆಯ ದಡದವರೆಗೆ ನಡೆಯಬಹುದು. ನಮ್ಮ ಬೀದಿಯ ಮಳೆನೀರು ಎಲ್ಲಿಗೆ ಹೋಗುತ್ತದೆ ಎಂದು ಮಗು ಕೇಳಿದರೆ ಆ ನಡಿಗೆ ಸಾರ್ಥಕ.